ಫ್ರಿಜ್ಜಕ್ಕನ ತಾಮ್ರದ ಸುರುಳಿ

ಫ್ರಿಜ್ಜಿನ ಬೆನ್ನಿಗೆ ಕಿವಿಯಿಟ್ಟು ಎರಡು ಉಸಿರೆಳೆಯುವಷ್ಟರಲ್ಲಿ ರೋಗ ಹೇಳಿಬಿಡುತ್ತಾಳೆ ಎಂಬುದು ಅವಳ ಬಗ್ಗೆ ಪೇಟೆಯಲ್ಲಿದ್ದ ಮಾತು. ಅದು ಸ್ವಲ್ಪ ಉತ್ಪ್ರೇಕ್ಷೆ. ನಾಲ್ಕು ಉಸಿರಾದರೂ ಬೇಕಾಗುತ್ತಿತ್ತು. ಆದರೆ ಹೇಳಿದ್ದು ಮಾತ್ರ ತಪ್ಪುತ್ತಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಹೊಲಿಗೆಯವನ ಅಂಗಡಿಗೂ ಸೈಕಲ್ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಅವಳ ವರ್ಕ್‌ಶಾಪಿಗೆ ಬೋರ್ಡು ಬೇಕಿರಲಿಲ್ಲ. ಫ್ರಿಜ್ಜಕ್ಕನ ಅಂಗಡಿ ಎಂದರೆ ಯಾರು ಬೇಕಾದರೂ ಬೆರಳು ತೋರಿಸುತ್ತಿದ್ದರು.

ಕಸುಬು ಅವಳಿಗೆ ಬಂದದ್ದು ಮಾವನಿಂದ. ಮದುವೆಯಾಗಿ ಬಂದ ಎರಡನೇ ವರ್ಷ ಮಾವನ ಕೈ ನಡುಗಲು ಶುರುವಾಯಿತು. ಬೆಸುಗೆಯ ಉರಿ ಕೊಳವೆಯ ಮೇಲೆ ನಿಲ್ಲದೆ ಅತ್ತಿತ್ತ ಓಡಾಡುತ್ತಿತ್ತು. ಮಗ ಬಸ್ ಓಡಿಸುವವನು, ಅವನಿಗೆ ಸ್ಟೇರಿಂಗ್ ಬಿಟ್ಟರೆ ಬೇರೆ ಲೋಕವಿಲ್ಲ. ಒಂದು ದಿನ ಚಹಾ ಕೊಡಲು ಹೋದ ಸೊಸೆ, ಲೋಟ ಕೆಳಗಿಟ್ಟು, "ಕೊಡಿ ಮಾವ, ನಾನು ಹಿಡ್ಕೋತೀನಿ, ನೀವು ಹೇಳ್ತಾ ಹೋಗಿ" ಎಂದಳು. ಅಂದು ಹಾಕಿದ ಬೆಸುಗೆ ಸೋರಲಿಲ್ಲ. ಅತ್ತೆ ಮೂರು ದಿನ ಮುಖ ಊದಿಸಿಕೊಂಡಿದ್ದರು, ನಾಲ್ಕನೇ ದಿನ ಪಕ್ಕದ ಮನೆಯವರ ಮುಂದೆ, "ನಮ್ಮ ಸೊಸೆ ಬೆಂಕೀಲಿ ಹೊಲಿಗೆ ಹಾಕ್ತಾಳೆ, ನಿಮ್ಮವಳು ಸೂಜೀಲಾದ್ರೂ ಹಾಕ್ತಾಳಾ?" ಎಂದು ಕೇಳಿ ಬಂದರು.

ಮಾವ ಕಲಿಸಿದ ಪಾಠಗಳಲ್ಲಿ ಒಂದು ಹೀಗಿತ್ತು: ರಿಪೇರಿಗೆ ಮೊದಲು ಹಳೆಯ ಗ್ಯಾಸನ್ನು ಗಾಳಿಗೆ ಬಿಡು, ಮುಖ ಆ ಕಡೆ ತಿರುಗಿಸಿಕೋ. ಅಷ್ಟೇ. ಬಣ್ಣವಿಲ್ಲ, ವಾಸನೆಯಿಲ್ಲ, ಒಂದು ನಿಟ್ಟುಸಿರಿನಂಥ ಸದ್ದು, ಮುಗಿಯಿತು. ಇಪ್ಪತ್ತನಾಲ್ಕು ವರ್ಷ ಅವಳು ಹಾಗೇ ಮಾಡಿದಳು. ಊರಿನ ಮೆಕ್ಯಾನಿಕ್‌ಗಳೆಲ್ಲ ಹಾಗೇ ಮಾಡುತ್ತಿದ್ದರು.

ಹೀಗಿರುವಾಗ ಒಂದು ದಿನ ಪರಿಸರ ಇಲಾಖೆಯಿಂದ ಮೆಕ್ಯಾನಿಕ್‌ಗಳಿಗೆಲ್ಲ ಕರೆ ಬಂತು. ತರಬೇತಿ ಕೇಂದ್ರದ ಸಭಾಂಗಣದಲ್ಲಿ ನಲವತ್ತು ಗಂಡಸರು, ಒಬ್ಬಳು ಫ್ರಿಜ್ಜಕ್ಕ. ವೇದಿಕೆಯ ಮೇಲೆ ಇಲಾಖೆಯ ಅಧಿಕಾರಿಣಿ, ಮೂವತ್ತು ದಾಟದ ಚುರುಕಿನ ಹೆಂಗಸು. ಅವಳ ಪಕ್ಕದಲ್ಲಿ ಸಮುದ್ರಗಳಾಚೆಯ ತಣ್ಣನೆಯ ದೇಶದಿಂದ ಬಂದ ಹಿರಿಯ ಇಂಜಿನಿಯರ್. ಈ ದೇಶದ ಭಾಷೆಯಲ್ಲಿ ಅವನು ಕಲಿತು ಬಂದಿದ್ದು ಒಂದೇ ಒಂದು ಪದ, 'ಒಂದ್ನಿಮಿಷ'. ನೀರು ಬೇಕಾದರೂ ಒಂದ್ನಿಮಿಷ, ಬಾಗಿಲು ತೆರೆಯಬೇಕಾದರೂ ಒಂದ್ನಿಮಿಷ, ನಮಸ್ಕಾರದ ಬದಲಿಗೂ ಒಂದ್ನಿಮಿಷ. ಮಧ್ಯಾಹ್ನದ ಊಟದ ಹೊತ್ತಿಗೆ ಅವನ ಹೆಸರೇ ಅದಾಗಿತ್ತು.

ಅಧಿಕಾರಿಣಿ ನೇರವಾಗಿ ವಿಷಯಕ್ಕೆ ಬಂದಳು. "ನೀವು ಗಾಳಿಗೆ ಬಿಡೋ ಈ ಗ್ಯಾಸ್ ಇದೆಯಲ್ಲ, ಒಂದು ಕಿಲೋ ಬಿಟ್ರೆ ಸಾವಿರ ಕಿಲೋಗಿಂತ ಹೆಚ್ಚು ಹೊಗೆ ಬಿಟ್ಟಷ್ಟು ಭೂಮಿ ಕಾಯುತ್ತೆ. ನಮ್ಮ ಎರಡೂ ದೇಶ ಸೇರಿ ಒಂದು ಒಪ್ಪಂದ ಮಾಡ್ಕೊಂಡಿದ್ದೀವಿ. ಗ್ಯಾಸನ್ನ ಹೀರಿ ಸಿಲಿಂಡರಿಗೆ ತುಂಬೋ ಯಂತ್ರ ಅವರು ಕೊಡ್ತಾರೆ. ಗ್ಯಾಸ್ ಹಿಡಿಯೋ ಕೆಲಸ ನಿಮ್ಮದು. ತುಂಬಿದ ಸಿಲಿಂಡರ್ ಹಡಗಲ್ಲಿ ಅವರ ದೇಶಕ್ಕೆ ಹೋಗುತ್ತೆ, ಅಲ್ಲಿ ಅದಕ್ಕಂತಲೇ ಇರೋ ಕುಲುಮೇಲಿ ಸುಟ್ಟು ನಾಶ ಮಾಡ್ತಾರೆ."

ಹಿಂದಿನ ಸಾಲಿನಿಂದ ಒಬ್ಬ, "ಮೇಡಂ, ಹಿಡಿಯೋಕೆ ಅದೇನು ಇಲಿಯಾ?" ಎಂದ. ಎಲ್ಲರೂ ನಕ್ಕರು. ಫ್ರಿಜ್ಜಕ್ಕ ನಗಲಿಲ್ಲ. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ದಿನಕ್ಕೆ ಎರಡು ಫ್ರಿಜ್, ಬೇಸಿಗೆಯಲ್ಲಿ ನಾಲ್ಕು, ಇಪ್ಪತ್ತನಾಲ್ಕು ಬೇಸಿಗೆ. ಲೆಕ್ಕ ಮುಗಿಯುವ ಮೊದಲೇ ಎಣಿಸುವುದನ್ನು ನಿಲ್ಲಿಸಿಬಿಟ್ಟಳು.

ಸಂಜೆ ಮನೆಗೆ ಬಂದವಳೇ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ಅತ್ತೆ ಕೇಳಿದರು, "ಯಾಕೆ, ಮೀಟಿಂಗಲ್ಲಿ ಬೈದ್ರಾ?"

"ಬೈದಿದ್ರೆ ಚೆನ್ನಾಗಿತ್ತು ಅತ್ತೆ. ನಾನು ಇಷ್ಟು ವರ್ಷ ಊರಿಗೆ ತಂಪು ಮಾಡಿಕೊಡ್ತಿದ್ದೀನಿ ಅಂತ ಬೀಗ್ತಿದ್ದೆ. ಹೊರಗೆ ಬೆಂಕಿ ಇಡ್ತಿದ್ದೆನಂತೆ."

"ಗೊತ್ತಿದ್ದೂ ಮಾಡಿದ್ಯಾ?"

"ಇಲ್ಲ."

"ಈಗ ಗೊತ್ತಾಯ್ತಲ್ಲ? ಎದ್ದು ಕೈಕಾಲು ತೊಳ್ಕೋ. ನಾಳೆಯಿಂದ ಬೇರೆ ಥರ ಮಾಡು." ಅತ್ತೆಗೆ ಯಾವ ವಿಷಯವನ್ನೂ ಮೂರು ವಾಕ್ಯಕ್ಕಿಂತ ಉದ್ದ ಎಳೆಯುವ ಅಭ್ಯಾಸವಿರಲಿಲ್ಲ.

ಯಂತ್ರಗಳು ಬಂದವು, ದೇಶಕ್ಕೆಲ್ಲ ಸೇರಿ ಒಟ್ಟು ಇನ್ನೂರ ನಲವತ್ತು. ಸೂಟ್‌ಕೇಸಿನಷ್ಟು ದೊಡ್ಡದು, ಹಳದಿ ಬಣ್ಣ, ನೋಡಲು ಮುದ್ದಾಗಿತ್ತು. ಫ್ರಿಜ್ಜಕ್ಕ ತನ್ನದನ್ನು ಮೊದಲ ದಿನವೇ ಬಿಚ್ಚಿ ಒಳಗೇನಿದೆ ಎಂದು ನೋಡಿ ಮತ್ತೆ ಜೋಡಿಸಿಟ್ಟಳು. ಚಳಿಗಾಲದ ತಿಂಗಳುಗಳಲ್ಲಿ ಎಲ್ಲವೂ ಹೂವೆತ್ತಿದಷ್ಟು ಸಲೀಸಾಗಿ ನಡೆಯಿತು. ಬೇಸಿಗೆ ಕಾಲಿಟ್ಟಿತು ನೋಡಿ, ಯಂತ್ರಗಳು ಒಂದೊಂದಾಗಿ ಮುಷ್ಕರ ಹೂಡಿದವು. ಎಸಿ ಇರುವುದು ಮಹಡಿಯ ಮೇಲೆ, ಕೆಲಸ ಬರುವುದು ನಡುಮಧ್ಯಾಹ್ನ. ಯಂತ್ರ ಎಂಟು ನಿಮಿಷ ಓಡಿ, ಕೆಂಪು ದೀಪ ಹೊತ್ತಿಸಿ, ಟಪ್ ಎಂದು ನಿಲ್ಲುತ್ತಿತ್ತು. ಆರಲು ಅರ್ಧ ಗಂಟೆ, ಮತ್ತೆ ಎಂಟು ನಿಮಿಷ. ಒಂದು ಗಂಟೆಯ ಕೆಲಸಕ್ಕೆ ಇಡೀ ದಿನ. ಗಿರಾಕಿಗಳು ಸಿಡಿಮಿಡಿಗೊಂಡರು, ಮೆಕ್ಯಾನಿಕ್‌ಗಳು ಬೇಸತ್ತರು. ಯಂತ್ರಗಳು ಮಂಚದ ಕೆಳಗೆ ಸೇರಿದವು. ಗ್ಯಾಸ್ ಮತ್ತೆ ಗಾಳಿಗೆ ಹೋಗತೊಡಗಿತು.

ಬೇಸಿಗೆಯ ನಡುವೆ ಅಧಿಕಾರಿಣಿ ಅಂಗಡಿಗೇ ಬಂದಳು. ಮುಖದಲ್ಲಿ ಕಳೆಯಿರಲಿಲ್ಲ. ಸ್ಟೂಲಿನ ಮೇಲೆ ಕೂತು, ಚೀಲದಿಂದ ಕಾಗದವೊಂದನ್ನು ತೆಗೆದಳು.

"ಅಕ್ಕ, ಅಲ್ಲಿಂದ ಪತ್ರ ಬಂದಿದೆ. ಯಂತ್ರದಲ್ಲಿ ದೋಷ ಇಲ್ಲವಂತೆ, ಅಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಮೆಕ್ಯಾನಿಕ್‌ಗಳು ಸರಿಯಾಗಿ ಬಳಸ್ತಿಲ್ಲ, ಅವರಿಗೆ ಮನಸ್ಸಿಲ್ಲ ಅಂತ ಬರೆದಿದ್ದಾರೆ. ಒಂದ್ನಿಮಿಷ ಸಾಹೇಬರು ಮುಂದಿನ ತಿಂಗಳು ಬರ್ತಾರೆ. ಅವರ ಕೊನೆ ವರದಿ ಹೀಗೇ ಹೋದ್ರೆ ಯೋಜನೆ ನಿಂತ ಹಾಗೇ."

"ಮನಸ್ಸಿಲ್ಲ ಅಂತ ಬರೆದಿದ್ದಾರಾ?" ಫ್ರಿಜ್ಜಕ್ಕನ ಕಿವಿ ಕೆಂಪಾಯಿತು. "ಆ ಯಂತ್ರಾನ ಒಂದು ದಿನ ನಮ್ಮ ಮಹಡಿ ಹತ್ತಿಸಿ ನಿಲ್ಲಿಸಿದ್ರಾ ಅವರು? ಅದಿರಲಿ, ಎಷ್ಟು ದಿನ ಇದೆ?"

"ಇಪ್ಪತ್ತಾರು."

"ಸಾಕು" ಎಂದಳು, ಸಾಕೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಮರುದಿನದಿಂದ ಅವಳು ಗಿರಾಕಿಗಳ ಕೆಲಸವನ್ನು ಬೆಳಿಗ್ಗೆ ಹತ್ತಕ್ಕೇ ಮುಗಿಸಿ, ಯಂತ್ರ ಹೊತ್ತುಕೊಂಡು ಅಂಗಡಿಯ ಹಿಂದೆಯೇ ಇದ್ದ ತನ್ನ ಮನೆಯ ತಾರಸಿ ಹತ್ತಿ, ಅಲ್ಲಿಟ್ಟಿದ್ದ ಹಳೆಯ ಎಸಿಗೆ ಜೋಡಿಸುತ್ತಿದ್ದಳು. ಯಂತ್ರ ನಿಂತಾಗಲೆಲ್ಲ ಕೊಳವೆಗಳನ್ನು ಹಿಂಗೈಯಿಂದ ಮುಟ್ಟಿ ನೋಡುವಳು. ಒಳಗೆ ಹೋಗುವ ಕೊಳವೆ ತಣ್ಣಗೆ. ಹೊರಗೆ ಬರುವ ಕೊಳವೆ ಮುಟ್ಟಿದರೆ ಚುರುಕ್ಕೆನ್ನುವಷ್ಟು ಬಿಸಿ. ಸಿಲಿಂಡರಂತೂ ಜ್ವರ ಬಂದ ಮಗುವಿನ ಮೈ. ಬಿಸಿಯಾದ ಗ್ಯಾಸ್ ಹಿಗ್ಗುತ್ತದೆ, ಸಿಲಿಂಡರಿನೊಳಗೆ ಒತ್ತಡ ಏರುತ್ತದೆ, ಅಪಾಯವಾಗಬಾರದೆಂದು ಯಂತ್ರ ತಾನೇ ನಿಲ್ಲುತ್ತದೆ. ಯಂತ್ರದ್ದೂ ತಪ್ಪಿಲ್ಲ, ಮೆಕ್ಯಾನಿಕ್‌ನದೂ ತಪ್ಪಿಲ್ಲ. ಬಿಸಿಲನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೇ.

ಸಿಲಿಂಡರಿಗೆ ಒದ್ದೆ ಗೋಣಿಚೀಲ ಸುತ್ತಿದಳು. ಎಂಟು ನಿಮಿಷ ಹನ್ನೊಂದಾಯಿತು. ಮೇಜಿನ ಫ್ಯಾನ್ ತಂದು ಎದುರಿಗಿಟ್ಟಳು. ಹದಿಮೂರು. ನೆರಳಿಗೆಂದು ಅತ್ತೆಯ ಹಳೆಯ ಸೀರೆ ಕಟ್ಟಿದಳು. ಗಾಳಿಗೆ ಸೀರೆ ಹಾರಿ ಹೊಲಿಗೆಯವನ ಮಾಡಿನ ಮೇಲೆ ಬಿತ್ತು. ಅವನು ಅದನ್ನು ಮಡಿಸಿ ತಂದುಕೊಟ್ಟು, "ಅಕ್ಕ, ರಿಪೇರಿಗೆ ಕೊಟ್ಟಿದ್ದಾ, ಸುಮ್ಮನೆ ಬಂತಾ?" ಎಂದು ಕೇಳಿದ.

ಹದಿನಾಲ್ಕನೇ ದಿನ ಹಳೆಯ ಫ್ರಿಜ್ಜೊಂದನ್ನು ಗುಜರಿಗೆ ಹಾಕಲು ಗೋಡೆಯಿಂದ ಆಚೆ ಎಳೆಯುತ್ತಿದ್ದಳು. ಅದರ ಬೆನ್ನಿನ ಕಪ್ಪು ಜಾಲರಿಯ ಮೇಲೆ ಕೈಯೂರಿದವಳು ಹಾಗೇ ನಿಂತಳು. ಪ್ರತಿ ಫ್ರಿಜ್ಜಿನ ಬೆನ್ನ ಮೇಲೂ ಆ ಜಾಲರಿ ಇರುವುದು ಯಾಕೆ? ಒಳಗಿನ ಬಿಸಿಯನ್ನು ಹೊರಗೆ ಚೆಲ್ಲಲು. ಕಂಪ್ರೆಸರಿನಿಂದ ಬಿಸಿಯಾಗಿ ಬಂದ ಗ್ಯಾಸ್ ಆ ಕೊಳವೆಗಳಲ್ಲಿ ಸುತ್ತಿ ಸುತ್ತಿ ಆರಿ, ನೀರಿನಂತೆ ದ್ರವವಾಗಿ ಇಳಿಯುತ್ತದೆ. ಇಷ್ಟು ವರ್ಷ ದಿನವೂ ಕಣ್ಣೆದುರು ಇದ್ದದ್ದು. ಅವಳು ಸಿಲಿಂಡರನ್ನು ತಣ್ಣಗೆ ಮಾಡಲು ಒದ್ದಾಡುತ್ತಿದ್ದಳು. ತಣ್ಣಗಾಗಬೇಕಿದ್ದುದು ದಾರಿಯಲ್ಲಿರುವ ಗ್ಯಾಸು!

"ಥೂ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡಳು. ಒಳಗಿನಿಂದ ಅತ್ತೆ, "ಈಗ ಗೊತ್ತಾಯ್ತಾ?" ಎಂದರು, ಏನೆಂದು ಕೇಳದೆಯೇ.

ತಾಮ್ರದ ಕೊಳವೆ ಹನ್ನೆರಡು ಮಾರು ತಂದಳು. ಅಡುಗೆಮನೆಯ ಡಬ್ಬಿಗೆ ಸುತ್ತಿ ಸುರುಳಿ ಮಾಡಿದಳು. ತುದಿಗಳಿಗೆ ಬೆಸುಗೆ ಹಾಕಿ, ಒತ್ತಡ ಕೊಟ್ಟು, ಸೋಪಿನ ನೊರೆ ಬಳಿದು ಎಲ್ಲಾದರೂ ಗುಳ್ಳೆ ಏಳುತ್ತದೆಯೇ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಒಂದೂ ಏಳಲಿಲ್ಲ. ಯಂತ್ರಕ್ಕೂ ಸಿಲಿಂಡರಿಗೂ ನಡುವೆ ಆ ಸುರುಳಿಯನ್ನು ಜೋಡಿಸಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಸ್ವಿಚ್ ಒತ್ತಿದಳು.

ಎಂಟು ನಿಮಿಷ. ಹದಿಮೂರು. ಇಪ್ಪತ್ತು. ಒತ್ತಡ ತೋರಿಸುವ ಗೇಜಿನ ಮುಳ್ಳು ಕೆಂಪು ಗೆರೆಯ ಹತ್ತಿರಕ್ಕೂ ಸುಳಿಯಲಿಲ್ಲ. ಮೂವತ್ತೊಂದನೇ ನಿಮಿಷಕ್ಕೆ ಎಸಿಯ ಹೊಟ್ಟೆ ಪೂರ್ತಿ ಬರಿದಾಗಿ, ಯಂತ್ರ ತನ್ನ ಕೆಲಸ ಮುಗಿಸಿ ಹಸಿರು ದೀಪ ತೋರಿಸಿತು. ಆ ಸುಡುಬಿಸಿಲಲ್ಲಿ, ತಾರಸಿಯ ಮೇಲೆ, ಐವತ್ತರ ಹತ್ತಿರದ ಆ ಹೆಂಗಸು ಒಬ್ಬಳೇ ಚಪ್ಪಾಳೆ ತಟ್ಟಿಕೊಂಡಳು. ಆಮೇಲೆ ನಾಚಿಕೆಯಾಗಿ ಯಾರಾದರೂ ನೋಡಿದರೇ ಎಂದು ಬಗ್ಗಿ ನೋಡಿದಳು. ಕೆಳಗೆ ಬಸ್ಸಿನ ಪಾಳಿ ಮುಗಿಸಿ ಬಂದ ಗಂಡ ತಲೆಯೆತ್ತಿ ನಿಂತಿದ್ದ.

"ಓಡ್ತಾ?" ಎಂದು ಕೂಗಿದ.

"ನಿಮ್ಮ ಬಸ್ಸಿಗಿಂತ ಚೆನ್ನಾಗಿ ಓಡ್ತು!"

ಇಪ್ಪತ್ತಾರನೇ ದಿನ ಒಂದ್ನಿಮಿಷ ಸಾಹೇಬ ಬಂದಿಳಿದ. ಫ್ರಿಜ್ಜಕ್ಕ ಅಧಿಕಾರಿಣಿಗೆ ಮೊದಲೇ ಹೇಳಿಟ್ಟಿದ್ದಳು, ಸಭಾಂಗಣದಲ್ಲಿ ಬೇಡ, ಮಹಡಿಯ ಮೇಲೆಯೇ ಆಗಲಿ, ಅದೂ ಮಧ್ಯಾಹ್ನ ಒಂದು ಗಂಟೆಗೆ. ಮೆಕ್ಯಾನಿಕ್‌ಗಳೆಲ್ಲ ತಲೆಗೆ ಬಟ್ಟೆ ಸುತ್ತಿಕೊಂಡು ತರಬೇತಿ ಕೇಂದ್ರದ ತಾರಸಿ ತುಂಬಿದರು. ನೆಲ ಕಾವಲಿಯಂತಿತ್ತು. ಸಾಹೇಬ ಪೆಟ್ಟಿಗೆಯಿಂದ ತಾನು ತಂದ ಹೊಸ ಯಂತ್ರ ತೆಗೆದು, ಅದನ್ನು ಅಲ್ಲಿಯ ಎಸಿಗೆ ತಾನೇ ಜೋಡಿಸಿ, ಗಡಿಯಾರ ನೋಡುತ್ತ ನಿಂತ. ಒಂಬತ್ತನೇ ನಿಮಿಷಕ್ಕೆ ಕೆಂಪು ದೀಪ, ಟಪ್. ಅವನು ಮತ್ತೆ ಜೋಡಿಸಿದ. ಮತ್ತೆ ಟಪ್. ಅವನ ಮೂಗಿನ ತುದಿಯಿಂದ ಬೆವರು ಗೇಜಿನ ಗಾಜಿನ ಮೇಲೆ ತೊಟ್ಟಿಕ್ಕಿತು.

ಆಗ ಫ್ರಿಜ್ಜಕ್ಕ ಬಕೆಟ್ ಹಿಡಿದುಕೊಂಡು ಮುಂದೆ ಬಂದಳು. ಅವನದೇ ಯಂತ್ರಕ್ಕೆ ತನ್ನ ಸುರುಳಿ ಸೇರಿಸಿದಳು. ಹತ್ತು ನಿಮಿಷ ದಾಟಿತು. ಹದಿನೈದು ದಾಟಿತು. ಸಾಹೇಬ ಬೆರಳೆತ್ತಿ, "ಒಂದ್ನಿಮಿಷ" ಎಂದು ಮಂಡಿಯೂರಿ ಕೂತು ಬಕೆಟ್ಟಿಗೆ ಕೈ ಹಾಕಿದ. ನೀರು ಸ್ನಾನಕ್ಕೆ ಕಾಯಿಸಿದಷ್ಟು ಬಿಸಿ. ಇನ್ನೊಂದು ಕೈಯಿಂದ ಸಿಲಿಂಡರ್ ಮುಟ್ಟಿದ. ಅದು ಬೆಚ್ಚಗಷ್ಟೇ ಇತ್ತು. ಎರಡನ್ನೂ ಮತ್ತೊಮ್ಮೆ ಮುಟ್ಟಿ ನೋಡಿ ಗಟ್ಟಿಯಾಗಿ ನಕ್ಕ. ಯಂತ್ರ ಹಸಿರು ದೀಪ ತೋರಿಸುವವರೆಗೂ ಅಲ್ಲಿಂದ ಏಳಲಿಲ್ಲ.

ಎದ್ದವನು ನಲವತ್ತು ಜನರ ಕಡೆ ತಿರುಗಿ ನಿಧಾನವಾಗಿ ಏನೋ ಹೇಳಿದ. ಅಧಿಕಾರಿಣಿ ಅದನ್ನು ತಿರುಗಿಸಿ ಹೇಳಿದಳು. "ನಾವು ಇದನ್ನ ಇಪ್ಪತ್ತೆರಡು ಡಿಗ್ರಿ ಇರೋ ಕೋಣೇಲಿ ಪರೀಕ್ಷೆ ಮಾಡಿದ್ವಿ. ಇಲ್ಲಿ ಬಂದು ನಿಂತು ನೋಡೋಣ ಅಂತ ನಮಗೆ ಹೊಳೀಲಿಲ್ಲ. ನಿಮಗೆ ಮನಸ್ಸಿಲ್ಲ ಅಂತ ನಾನು ಬರೆದಿದ್ದೆ. ಅದು ತಪ್ಪು. ಕ್ಷಮಿಸಿ, ಅಂತಿದ್ದಾರೆ."

ಇಲಿಯ ಮಾತಾಡಿದ್ದ ಆಸಾಮಿ, "ಸಾಹೇಬರನ್ನ ಮೊದಲು ನೆರಳಿಗೆ ಕರ್ಕೊಂಡು ಬನ್ರೋ, ಕರಗಿ ಹೋದಾರು!" ಎಂದ. ಆಮೇಲಿನ ನಗು ಕೆಳಗಿನ ಬೀದಿಗೂ ಕೇಳಿಸಿತು.

ವರದಿ ಬದಲಾಯಿತು. ಎರಡು ತಿಂಗಳ ನಂತರ ಎರಡೂ ದೇಶಗಳ ಮೆಕ್ಯಾನಿಕ್‌ಗಳಿಗೆ ಹಂಚಲು ಒಂದು ಕೈಪಿಡಿ ಬಂತು. ಅದರ ಒಂಬತ್ತನೇ ಪುಟದಲ್ಲಿ ಸುರುಳಿ ಮತ್ತು ಬಕೆಟ್ಟಿನ ಚಿತ್ರ, ಚಿತ್ರದ ಕೆಳಗೆ ಆ ದೇಶದ ಲಿಪಿಯಲ್ಲಿ ಅವಳ ಹೆಸರು. ಫ್ರಿಜ್ಜಕ್ಕ ಅಧಿಕಾರಿಣಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ಅಕ್ಷರ ಯಾವುದು ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಮಂಚದ ಕೆಳಗಿನ ಯಂತ್ರಗಳು ಧೂಳು ಕೊಡವಿಕೊಂಡು ಆಚೆ ಬಂದವು. ಪೇಟೆಯಲ್ಲಿ ತಾಮ್ರದ ಕೊಳವೆ ಸಿಗದಂತಾಯಿತು. ಆ ವರ್ಷವೇ ಮೊದಲ ಹಡಗು ಸಿಲಿಂಡರ್‌ಗಳನ್ನು ಹೊತ್ತು ಹೊರಟಿತು.

ಕತೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಎರಡು ವರ್ಷದ ಮೇಲೆ ಆ ತಣ್ಣನೆಯ ದೇಶಕ್ಕೇ ಬಿಸಿಲು ಬಂತು. ಅಲ್ಲಿಯ ಅಜ್ಜಂದಿರೂ ಕಂಡಿರದ ಬಿಸಿಲು, ಮೂರು ವಾರ ಬಿಟ್ಟೂಬಿಡದೆ. ಮನೆಮನೆಯಲ್ಲಿ ಹೊಸ ಎಸಿ, ಹಳೆಯದರ ರಿಪೇರಿ, ಮಹಡಿಗಳ ಮೇಲೆ ಅದೇ ಹಳದಿ ಯಂತ್ರ, ಅದೇ ಕೆಂಪು ದೀಪ. ಕೈಪಿಡಿಯ ಒಂಬತ್ತನೇ ಪುಟ ನಮಗಲ್ಲ ಎಂದು ಅಲ್ಲಿಯವರು ತಿರುವಿ ಹಾಕಿದ್ದರು. ಈಗ ಒಂದ್ನಿಮಿಷ ಸಾಹೇಬ ಫೋನ್ ಮಾಡಿದ. ಫ್ರಿಜ್ಜಕ್ಕ ಬಂದು ನಮ್ಮವರಿಗೆ ಕಲಿಸಿಕೊಡಬಹುದೇ?

ಮನೆಯಲ್ಲಿ ಗಡಿಬಿಡಿ ಶುರುವಾಯಿತು. ಗಂಡ ಎರಡು ವಾರ ರಜೆ ಹಾಕಿ ಅಡುಗೆ ಕಲಿಯಲು ಹೊರಟ. ಅತ್ತೆ ಪೆಟ್ಟಿಗೆಗೆ ಮೂರು ಸ್ವೆಟರ್ ತುಂಬಿದರು.

"ಅತ್ತೆ, ಅಲ್ಲಿ ಈಗ ಸೆಕೆ ಅಂತಾನೇ ಕರೀತಿರೋದು."

"ಚಳಿ ದೇಶ ಚಳಿ ದೇಶಾನೇ. ಸುಮ್ಮನೆ ತಗೊಂಡು ಹೋಗು."

ಮೂವತ್ತೊಂಬತ್ತು ಡಿಗ್ರಿ ಬಿಸಿಲಿನಲ್ಲಿ, ಮೂರು ಸ್ವೆಟರ್‌ಗಳನ್ನು ಹೊತ್ತುಕೊಂಡು, ಅವಳು ಆ ದೇಶದಲ್ಲಿ ಇಳಿದಳು.

ಅಲ್ಲಿಯ ಶಾಲೆಯೊಂದರ ಮಹಡಿಯ ಮೇಲೆ ಅರವತ್ತು ಮೆಕ್ಯಾನಿಕ್‌ಗಳು ಕಾದಿದ್ದರು, ಆಳೆತ್ತರದ ಮಂದಿ, ಬಿಸಿಲಿಗೆ ಮೂಗು ಸುಲಿದಿತ್ತು. ಅನುವಾದಕ್ಕೆಂದು ಅಧಿಕಾರಿಣಿ ಜೊತೆಗೇ ಹೋಗಿದ್ದಳು, ಆದರೆ ಅವಳಿಗೆ ಕೆಲಸವೇ ಬೀಳಲಿಲ್ಲ. ಫ್ರಿಜ್ಜಕ್ಕ ಒಬ್ಬನ ಕೈ ಹಿಡಿದು ಬಿಸಿ ಕೊಳವೆಗೆ ತಾಗಿಸಿದಳು. ಅವನು ಅಯ್ಯೋ ಎಂಬಂತೇನೋ ಕಿರುಚಿದ. ಸುರುಳಿ ಸೇರಿಸಿ, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದೇ ಕೈಯನ್ನು ಸಿಲಿಂಡರಿನ ಹತ್ತಿರದ ಕೊಳವೆಗೆ ತಾಗಿಸಿದಳು. ಅವನ ಹುಬ್ಬು ಮೇಲೇರಿತು. ಪಾಠ ಅಷ್ಟೇ. ಬೆಸುಗೆ ಹಾಕುವವನ ಭುಜ ಗಟ್ಟಿಯಾಗಿದ್ದರೆ ಅವಳು ಬೆನ್ನ ಮೇಲೊಂದು ಏಟು ಕೊಟ್ಟು, "ಸಡಿಲ ಬಿಡಪ್ಪ, ಕೊಳವೆ ಎಲ್ಲೂ ಓಡಿ ಹೋಗಲ್ಲ" ಎನ್ನುವಳು, ಅವನಿಗೆ ಅರ್ಥವಾಗುತ್ತಿತ್ತು. ಐದು ದಿನದಲ್ಲಿ ಅರವತ್ತು ಸುರುಳಿಗಳು ತಯಾರಾದವು. ಎರಡು ಮಾತ್ರ ಸೋರಿದವು. ಅದರಲ್ಲಿ ಒಂದು ಒಂದ್ನಿಮಿಷ ಸಾಹೇಬನದು.

ಹೊರಡುವ ಮುನ್ನಾದಿನ ಅವಳನ್ನು ಬಂದರಿನ ಪಕ್ಕದ ಕುಲುಮೆಗೆ ಕರೆದೊಯ್ದರು. ದಪ್ಪ ಗಾಜಿನ ಕಿಂಡಿಯಾಚೆ ಬಿಳಿ ಉರಿ. ಗೋಡೆಗೆ ಒರಗಿಸಿಟ್ಟ ಸಾಲುಸಾಲು ಸಿಲಿಂಡರ್‌ಗಳ ಕೊರಳಲ್ಲಿ ಅವಳ ಊರಿನ ಚೀಟಿಗಳು, ಅವಳಿಗೆ ಗೊತ್ತಿರುವ ಕೈಬರಹಗಳು. ಇದು ಇಲಿಯ ಮಾತಾಡಿದ್ದವನದು, ಇದು ಆಸ್ಪತ್ರೆ ರಸ್ತೆಯ ಮೆಕ್ಯಾನಿಕ್ಕಿಂದು, ಇದು ಅವಳದೇ. ಗ್ಯಾಸ್ ಉರಿಯೊಳಗೆ ಹೋಯಿತು. ಅದು ಸುಟ್ಟಾಗ ಹುಟ್ಟಿದ ಆಮ್ಲವನ್ನು ಸುಣ್ಣದ ನೀರು ನುಂಗಿತು. ಅಲ್ಲಿಯ ಕೆಲಸಗಾರನೊಬ್ಬ ಪರದೆಯ ಮೇಲಿನ ಸಂಖ್ಯೆ ತೋರಿಸಿದ. ಅವಳ ದೇಶದಿಂದ ಬಂದದ್ದರಲ್ಲಿ ಹನ್ನೆರಡು ಸಾವಿರ ಕಿಲೋ ಇನ್ನು ಲೋಕದಲ್ಲಿಲ್ಲ.

ಫ್ರಿಜ್ಜಕ್ಕ ಆ ಸಂಖ್ಯೆಯನ್ನು ಬಹಳ ಹೊತ್ತು ನೋಡಿದಳು. "ನಾನೊಬ್ಬಳೇ ಬಿಟ್ಟಿದ್ದಕ್ಕಿಂತ ಇದು ಹೆಚ್ಚು ಅಲ್ವಾ?" ಎಂದು ಅಧಿಕಾರಿಣಿಯನ್ನು ಕೇಳಿದಳು.

"ತುಂಬಾ ಹೆಚ್ಚು ಅಕ್ಕ. ನೀವು ಇನ್ನೂ ಮೂರು ಜನ್ಮ ಬಿಟ್ರೂ ಅಷ್ಟಾಗಲ್ಲ."

ಅವಳು ಎದೆ ತುಂಬ ಉಸಿರೆಳೆದುಕೊಂಡಳು. ಕಣ್ಣು ಒರೆಸಿಕೊಳ್ಳಲು ಕರವಸ್ತ್ರ ಸಿಗದೆ, ಅಂಗೈಯಿಂದಲೇ ಒರೆಸಿಕೊಂಡಳು.

ಮರುವರ್ಷ ಎರಡೂ ದೇಶಗಳು ಒಪ್ಪಂದವನ್ನು ಮುಂದುವರಿಸಿ, ಯಂತ್ರದ ಹೊಟ್ಟೆಯೊಳಗೇ ಸುರುಳಿ ಕೂರಿಸಿ ಹೊಸದನ್ನು ಮಾಡುವುದೆಂದು ತೀರ್ಮಾನಿಸಿದವು. ನಕ್ಷೆ ಅಲ್ಲಿಯದು, ಕಾರ್ಖಾನೆ ಇಲ್ಲಿಯದು, ಫ್ರಿಜ್ಜಕ್ಕನ ಊರಿನ ಹೊರವಲಯದಲ್ಲಿ. ಪರೀಕ್ಷೆಯ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಅವಳು ಹಾಕಿದ ಷರತ್ತು ಒಂದೇ, ಪರೀಕ್ಷೆಯ ಕೋಣೆಗೆ ಮಾಡು ಇರಕೂಡದು.

ಮೊದಲ ಯಂತ್ರ ಸಿದ್ಧವಾದ ದಿನ ಬಿಸಿಲು ನಲವತ್ತನಾಲ್ಕು ಡಿಗ್ರಿ ಮುಟ್ಟಿತ್ತು. ಎರಡೂ ದೇಶದ ಇಂಜಿನಿಯರ್‌ಗಳು, ಊರಿನ ಮೆಕ್ಯಾನಿಕ್‌ಗಳು, ಕೊಡೆ ಹಿಡಿದುಕೊಂಡು ಬಂದ ಅತ್ತೆ, ಎಲ್ಲರೂ ಗೋಡೆಗೆ ಒರಗಿ ಸಾಲಾಗಿ ನಿಂತರು. ಫ್ರಿಜ್ಜಕ್ಕ ಸ್ವಿಚ್ ಒತ್ತಿದಳು. ಎಂಟನೇ ನಿಮಿಷ ಬಂದು ಹೋಯಿತು, ಯಾರೂ ಅದನ್ನು ಗಮನಿಸಲಿಲ್ಲ. ಇಪ್ಪತ್ತಾರನೇ ನಿಮಿಷಕ್ಕೆ ಹಸಿರು ದೀಪ ಹೊತ್ತಿತು. ಜನ ಹೋ ಎಂದು ಕೂಗಿದರು, ಯಾರೋ ಯಾರನ್ನೋ ಅಪ್ಪಿಕೊಂಡರು, ಅತ್ತೆ ಕೊಡೆಯನ್ನು ಮೇಲಕ್ಕೆತ್ತಿ ಬೀಸಿದರು.

ಫ್ರಿಜ್ಜಕ್ಕ ಯಂತ್ರದ ಬದಿಗೆ ತೇರ್ಗಡೆಯ ಚೀಟಿ ಅಂಟಿಸಿ, ಅದರ ಮೇಲೆ ಸಹಿ ಮಾಡಿದಳು. ಆಮೇಲೆ ಮೆಟ್ಟಿಲ ಕಡೆ ತಿರುಗಿ ಕೂಗಿದಳು:

"ಎರಡನೇದು ತನ್ನಿ!"